ಓಝೋನ್ ಆಕಾಶದಿಂದ ಇಳಿಯುತ್ತೆ ನಿಜ. ಖಾನಾಪುರದ ಲೆಕ್ಕ ಇಡೋರು ಯಾರು?

“ಅಣ್ಣಾ, ಓಝೋನ್ ಮ್ಯಾಲಿಂದನ ಇಳದ ಬರ್ತೈತಿ ಅಂತ ಓದೇನ್ರಿ. ಹಂಗಾದ್ರ ಸರ್ಕಾರಕ್ಕ ಏನಂತ ಕೇಳೂದು?”

ಬೆಳಗಾವಿಯ ಪರಿಸರ ಹೋರಾಟಗಳಲ್ಲಿ ಓಡಾಡುವ ಕಾಲೇಜು ಹುಡುಗನೊಬ್ಬ ಈಚೆಗೆ ನನಗೆ ಹಾಕಿದ ಪ್ರಶ್ನೆ ಇದು. ಅವನ ಮೊಬೈಲಿನಲ್ಲಿ ಗಾಳಿಯ ಗುಣಮಟ್ಟ ತೋರಿಸುವ ಆ್ಯಪ್ ಇದೆ. ಪಿಎಂ 2.5, ಪಿಎಂ 10 ಅಂದ್ರೆ ಧೂಳು, ಹೊಗೆ ಅಂತ ಅವನಿಗೆ ಗೊತ್ತು. ಯಾರನ್ನು ಬೈಬೇಕು ಅಂತಾನೂ ಗೊತ್ತು. ಆದರೆ ಅದೇ ಪಟ್ಟಿಯಲ್ಲಿರುವ ‘ಓ3’ ಅನ್ನೋದರ ಮುಂದೆ ಅವನು ನಿಂತುಬಿಟ್ಟಿದ್ದ. ಆಕಾಶದ ಮೇಲೆ ಯಾರ ವಿರುದ್ಧ ಧರಣಿ ಕೂರೋದು?

ಪ್ರಶ್ನೆ ಮೇಲ್ನೋಟಕ್ಕೆ ತಮಾಷೆ ಅನ್ನಿಸಬಹುದು, ಆದರೆ ಹಗುರವಾದದ್ದಲ್ಲ. ಮಾಲಿನ್ಯದ ರಾಜಕೀಯದಲ್ಲಿ ಎಲ್ಲಕ್ಕಿಂತ ಹಳೆಯ ಜಗಳವೇ ಇದು: ಇದು ನಾವು ಮಾಡಿದ್ದೋ, ನಿಸರ್ಗ ಮಾಡಿದ್ದೋ? ದೆಹಲಿಯಲ್ಲಿ ಪ್ರತಿ ಚಳಿಗಾಲಕ್ಕೂ ಈ ಜಗಳ ನೋಡ್ತೀವಿ. ಒಬ್ಬರು ಪಕ್ಕದ ರಾಜ್ಯದ ಕೂಳೆ ಸುಡೋದನ್ನ ತೋರಿಸ್ತಾರೆ, ಇನ್ನೊಬ್ಬರು ಮರುಭೂಮಿಯ ಧೂಳನ್ನ ತೋರಿಸ್ತಾರೆ, ಮತ್ತೊಬ್ಬರು ಗಾಳಿ ಬೀಸ್ತಿಲ್ಲ ಅಂತಾರೆ. ಓಝೋನ್ ವಿಷಯದಲ್ಲಿ ಈ ತಪ್ಪಿಸಿಕೊಳ್ಳುವ ದಾರಿ ಇನ್ನೂ ಸಲೀಸು. ಯಾಕಂದ್ರೆ ಅದರಲ್ಲಿ ಅರ್ಧ ಸತ್ಯ ಇದೆ. ಓಝೋನ್ ಮೇಲಿಂದ ಇಳಿದು ಬರೋದು ಸುಳ್ಳಲ್ಲ. ಎಷ್ಟು ಇಳಿಯುತ್ತೆ, ಎಲ್ಲಿ ಇಳಿಯುತ್ತೆ, ನಮ್ಮ ಬೆಳಗಾವಿ–ಖಾನಾಪುರದ ಮೇಲೆ ಎಷ್ಟು ಅನ್ನೋದರಲ್ಲಿ ಇಡೀ ವಿಷಯ ನಿಂತಿದೆ.

ಶಾಲೆಯಲ್ಲಿ ಓದಿದ್ದು ನೆನಪಿದೆಯಾ? ಪರಿವರ್ತನಾ ಮಂಡಲ, ಅದರ ಮೇಲೆ ಸಮೋಷ್ಣ ಮಂಡಲ. ಮೊದಲನೆಯದು ಟ್ರೋಪೋಸ್ಫಿಯರ್. ನಾವು ಉಸಿರಾಡುವ, ಮೋಡ–ಮಳೆ–ಸಿಡಿಲು ಎಲ್ಲ ನಡೆಯುವ ಕೆಳಗಿನ ಅಂತಸ್ತು. ಎರಡನೆಯದು ಸ್ಟ್ರಾಟೋಸ್ಫಿಯರ್. ‘ಸಮೋಷ್ಣ’ ಅನ್ನೋ ಹೆಸರು ನನ್ನ ಪ್ರಕಾರ ಮಕ್ಕಳನ್ನ ದಾರಿ ತಪ್ಪಿಸುತ್ತೆ. ಅಲ್ಲಿ ಉಷ್ಣತೆ ಒಂದೇ ಸಮ ಇರೋದಿಲ್ಲ, ಮೇಲೆ ಹೋದಂತೆ ಏರುತ್ತೆ. ಏರೋಕೆ ಕಾರಣವೇ ಓಝೋನ್. ಸೂರ್ಯನ ಅತಿನೇರಳೆ ಕಿರಣಗಳನ್ನ ಅದು ಹೀರಿ ಕಾವಾಗಿಸುತ್ತೆ.

ಈ ಒಂದು ಸಂಗತಿ ಹಿಡಿದುಕೊಂಡರೆ ಮುಂದಿನದೆಲ್ಲ ತಿಳಿಯುತ್ತೆ. ನೆಲದಿಂದ ಮೇಲೆ ಹೋಗ್ತಾ ಹೋಗ್ತಾ ಗಾಳಿ ತಣ್ಣಗಾಗುತ್ತೆ. ನಮ್ಮ ತಲೆಯ ಮೇಲೆ 16–17 ಕಿಲೋಮೀಟರ್ ಎತ್ತರದಲ್ಲಿ ಅದು ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗೆ ಇಳಿದಿರುತ್ತೆ. ಅಲ್ಲಿಂದ ಮುಂದೆ ಮತ್ತೆ ಬೆಚ್ಚಗಾಗ್ತಾ ಹೋಗುತ್ತೆ. ಅಂದ್ರೆ ತಣ್ಣನೆಯ ಭಾರದ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ. ಇಂಥ ಜೋಡಣೆ ಕಲಸಿಕೊಳ್ಳೋದಿಲ್ಲ. ಪಾತ್ರೆಗೆ ಮುಚ್ಚಳ ಹಾಕಿದಂತೆ ಕೂತುಬಿಡುತ್ತೆ. ಭೂಮಿಯ ಒಟ್ಟು ಓಝೋನ್‌ನಲ್ಲಿ ಶೇಕಡ 90ರಷ್ಟು ಆ ಮುಚ್ಚಳದ ಮೇಲಿದೆ. ಕೆಳಗಿರೋದು ಉಳಿದ ಶೇಕಡ 10.

ಹಾಗಾದ್ರೆ ಮುಚ್ಚಳ ದಾಟಿ ಇಳಿಯೋದು ಹೇಗೆ?

ಮೊದಲನೆಯದು ನಿಧಾನದ ದಾರಿ. 1949ರಲ್ಲಿ ಅಲನ್ ಬ್ರೂವರ್ ಮೇಲಿನ ಗಾಳಿಯ ತೇವಾಂಶ ನೋಡಿ, 1956ರಲ್ಲಿ ಗಾರ್ಡನ್ ಡಾಬ್ಸನ್ ಓಝೋನ್ ಅಳತೆ ನೋಡಿ ಕಂಡುಕೊಂಡದ್ದು ಇದು: ಗಾಳಿ ಉಷ್ಣವಲಯದಲ್ಲಿ ಮೇಲೇರಿ ಸ್ಟ್ರಾಟೋಸ್ಫಿಯರ್ ಸೇರುತ್ತೆ, ಅಲ್ಲಿಂದ ಧ್ರುವಗಳ ಕಡೆ ಸರಿಯುತ್ತೆ, ಉತ್ತರ–ದಕ್ಷಿಣದ ಎತ್ತರದ ಅಕ್ಷಾಂಶಗಳಲ್ಲಿ ಕೆಳಗಿಳಿಯುತ್ತೆ. ಒಂದು ಸುತ್ತಿಗೆ ವರ್ಷಗಳೇ ಬೇಕು. ಓಝೋನ್ ಹೆಚ್ಚಾಗಿ ಹುಟ್ಟೋದು ಬಿಸಿಲು ಜೋರಿರುವ ಉಷ್ಣವಲಯದ ಮೇಲೆ, ಆದರೆ ರಾಶಿ ಬೀಳೋದು ದೂರದ ಉತ್ತರ–ದಕ್ಷಿಣದಲ್ಲಿ. ನಮ್ಮ ಮೇಲೆ ಓಝೋನ್ ಪದರ ಯುರೋಪಿನ ಮೇಲಿರುವುದಕ್ಕಿಂತ ತೆಳುವಾಗಿರೋದು ಇದೇ ಕಾರಣಕ್ಕೆ. ಇಲ್ಲಿ ಗಮನಿಸಬೇಕಾದ್ದು ದಿಕ್ಕು. ಬೆಳಗಾವಿ ಇರೋದು ಸುಮಾರು 15.85 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದ್ರೆ ಈ ಚಕ್ರದಲ್ಲಿ ಗಾಳಿ ಏರುವ ಕಡೆ. ಇಳಿಯುವ ಕಡೆಯಲ್ಲಿ ನಾವಿಲ್ಲ.

ಎರಡನೆಯದು ಅವಸರದ ದಾರಿ. ಉಷ್ಣವಲಯದಲ್ಲಿ ಮುಚ್ಚಳ 16–17 ಕಿ.ಮೀ. ಎತ್ತರದಲ್ಲಿದ್ದರೆ ಉತ್ತರಕ್ಕೆ ಹೋದಂತೆ ಅದು 10–12 ಕಿ.ಮೀ.ಗೆ ಇಳಿಯುತ್ತೆ. ಈ ಎರಡರ ನಡುವೆ ಒಂದು ಬಿರುಕು. ಆ ಬಿರುಕಿನಲ್ಲೇ ಜೆಟ್ ಸ್ಟ್ರೀಮ್ ಅನ್ನೋ ಬಿರುಸಿನ ಗಾಳಿ ಹರಿಯುತ್ತೆ. ಅದು ಅಂಕುಡೊಂಕಾದಾಗ ಮೇಲಿನ ಪದರ ಕೌದಿಯ ಅಂಚು ಮಂಚದಿಂದ ಜಾರಿದ ಹಾಗೆ ಮಡಿಚಿಕೊಂಡು ಕೆಳಗೆ ಜಾರುತ್ತೆ. ಈ ಮಡಿಕೆ ಒಂದೆರಡು ಕಿಲೋಮೀಟರ್ ದಪ್ಪ, ನೂರಾರು ಕಿಲೋಮೀಟರ್ ಉದ್ದ, ಓಲಿಕೊಂಡು ಇಳಿಯುವ ನಾಲಗೆಯ ಹಾಗೆ ಇರುತ್ತೆ. ಅದರೊಳಗಿನ ಗಾಳಿ ಒಣಗಿದ್ದು, ಓಝೋನ್ ತುಂಬಿದ್ದು. ಬಹುಪಾಲು ಮಡಿಕೆಗಳು ನೆಲ ಮುಟ್ಟೋದಿಲ್ಲ. ನಡುದಾರಿಯಲ್ಲೇ ಸುತ್ತಲ ಗಾಳಿಯಲ್ಲಿ ಕಲಸಿಹೋಗ್ತವೆ. ಕೆಲವು ಮಾತ್ರ ಎತ್ತರದ ಬೆಟ್ಟಗಳಿಗೆ ನೇರವಾಗಿ ತಾಗ್ತವೆ. ಎವರೆಸ್ಟ್ ಹತ್ತಿರ 5,079 ಮೀಟರ್ ಎತ್ತರದಲ್ಲಿ ಪಿರಮಿಡ್ ಅನ್ನೋ ವೀಕ್ಷಣಾಲಯ ಇತ್ತು, ಅಲ್ಲಿನ ಉಪಕರಣಗಳಲ್ಲಿ ಇಂಥ ಇಳಿತಗಳು ಮತ್ತೆ ಮತ್ತೆ ದಾಖಲಾಗಿವೆ.

ಈ ಅವಸರದ ದಾರಿ ಪತ್ತೆಯಾದ ಕತೆಯನ್ನ ರಾಜಕೀಯದಲ್ಲಿ ಆಸಕ್ತಿ ಇರೋರು ಓದಲೇಬೇಕು. ಅದು ಶುರುವಾದದ್ದು ಓಝೋನ್‌ನಿಂದಲ್ಲ, ಬಾಂಬಿನಿಂದ. 1950ರ ದಶಕದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಪೈಪೋಟಿಗೆ ಬಿದ್ದು ಹೈಡ್ರೋಜನ್ ಬಾಂಬ್ ಸಿಡಿಸಿದವು. ವಿಕಿರಣದ ಬೂದಿ ಸ್ಟ್ರಾಟೋಸ್ಫಿಯರ್‌ವರೆಗೆ ಹೋಯಿತು. ಅಲ್ಲೇ ಬಹಳ ವರ್ಷ ಉಳಿದು ಶಕ್ತಿ ಕಳೆದುಕೊಳ್ಳುತ್ತೆ, ಭಯ ಬೇಡ ಅನ್ನೋ ಸಮಾಧಾನ ಅಮೆರಿಕದ ಅಧಿಕಾರಿಗಳದ್ದಾಗಿತ್ತು. ಬೂದಿ ಅಂದುಕೊಂಡದ್ದಕ್ಕಿಂತ ಬೇಗ ಇಳಿಯಿತು. ಅದರಲ್ಲೂ ವಸಂತಕಾಲದಲ್ಲಿ ಹೆಚ್ಚು ಇಳಿಯಿತು. ಹಾಲಿನಲ್ಲಿ ಸ್ಟ್ರಾಂಷಿಯಂ-90 ಸಿಕ್ಕಿತು. ಸೇಂಟ್ ಲೂಯಿಸ್ ನಗರದಲ್ಲಿ ತಾಯಂದಿರು ಮಕ್ಕಳ ಬಿದ್ದ ಹಲ್ಲುಗಳನ್ನ ಸಂಗ್ರಹಿಸಿ ವಿಜ್ಞಾನಿಗಳಿಗೆ ಕೊಟ್ಟರು, ಆ ಹಲ್ಲುಗಳಲ್ಲೂ ಸಿಕ್ಕಿತು. ಜನರ ಒತ್ತಡ ಬೆಳೆದು 1963ರ ಆಗಸ್ಟ್‌ನಲ್ಲಿ ವಾತಾವರಣದಲ್ಲಿ ಬಾಂಬ್ ಪರೀಕ್ಷೆ ನಿಲ್ಲಿಸುವ ಒಪ್ಪಂದ ಆಯಿತು. ಎಡ್ವಿನ್ ಡೇನಿಯಲ್ಸನ್ ಅನ್ನೋ ವಿಜ್ಞಾನಿ ವಿಮಾನಗಳಲ್ಲಿ ಆ ವಿಕಿರಣವನ್ನೂ ಓಝೋನನ್ನೂ ಒಟ್ಟಿಗೆ ಅಳೆದು, ಎರಡೂ ಅದೇ ಮಡಿಕೆಗಳಲ್ಲಿ ಇಳಿಯೋದನ್ನ 1968ರಲ್ಲಿ ತೋರಿಸಿದರು.

ನಮ್ಮವರೂ ಇದರಲ್ಲಿ ಹಿಂದೆ ಇರಲಿಲ್ಲ. ಕಾಸ್ಮಿಕ್ ಕಿರಣಗಳಿಂದ ಬೆರಿಲಿಯಂ-7 ಅನ್ನೋ ಧಾತು ಹುಟ್ಟುತ್ತೆ, ಬಹುಪಾಲು ಸ್ಟ್ರಾಟೋಸ್ಫಿಯರ್‌ನಲ್ಲೇ. ಸುಮಾರು 53 ದಿನದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತೆ. ಕೆಳಗಿನ ಗಾಳಿಯಲ್ಲೋ ಮಳೆ ನೀರಲ್ಲೋ ಅದು ಹೆಚ್ಚು ಸಿಕ್ಕರೆ ‘ಇದು ಈಚೆಗೆ ಮೇಲಿಂದ ಬಂದ ಗಾಳಿ’ ಅನ್ನೋದಕ್ಕೆ ಸಾಕ್ಷಿ. ಇಂಥ ಧಾತುಗಳನ್ನ ಗಾಳಿಯ ಜಾಡು ಹಿಡಿಯೋಕೆ ಬಳಸುವ ಕೆಲಸವನ್ನ ಮುಂಬೈನ ಟಿಐಎಫ್‌ಆರ್‌ನಲ್ಲಿ ದೇವೇಂದ್ರ ಲಾಲ್, ಬರ್ನಾರ್ಡ್ ಪೀಟರ್ಸ್ ಮೊದಲಾದವರು 1950ರ ದಶಕದಲ್ಲೇ ಮಾಡಿದ್ದರು. ಗಾಳಿಯ ಹುಟ್ಟೂರು ಕಂಡುಹಿಡಿಯೋದು ಅಸಾಧ್ಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಪ್ಪತ್ತು ವರ್ಷಗಳಿಂದ ಈ ಕೆಲಸ ನಡೀತಿದೆ.

ಈಗ ನಮ್ಮ ಊರಿಗೆ ಬರೋಣ. ಚಳಿಗಾಲದಲ್ಲಿ ಭಾರತದ ಮೇಲಿನ ಜೆಟ್ ಸ್ಟ್ರೀಮ್ ಹರಿಯೋದು ಹಿಮಾಲಯದ ತಪ್ಪಲಿನ ಆಸುಪಾಸು, 27–30 ಡಿಗ್ರಿ ಅಕ್ಷಾಂಶದಲ್ಲಿ. ನಮ್ಮಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರಕ್ಕೆ. ಅಲ್ಲಿ ಜಾರಿದ ಗಾಳಿ ದಿನಗಟ್ಟಲೆ ಹರಡಿ, ತೆಳುವಾಗಿ, ನಮ್ಮ ಮೇಲೆ ಮೂರು–ನಾಲ್ಕು ಕಿಲೋಮೀಟರ್ ಎತ್ತರಕ್ಕೆ ಬಂದು ತಲುಪಬಹುದು. ಮಧ್ಯಾಹ್ನದ ಬಿಸಿಲಿಗೆ ನೆಲದ ಗಾಳಿ ಕುದ್ದು ಮೇಲೆದ್ದಾಗ ಆ ಗಾಳಿಯ ಒಂದಿಷ್ಟು ಪಾಲು ಕೆಳಗೆ ಬೆರೆಯುತ್ತೆ. ಇದು ಮಡಿಕೆ ನೇರವಾಗಿ ಬಂದು ಬಡಿದಂತಲ್ಲ, ಕೊಡದ ತಳದಲ್ಲಿ ಮೊದಲೇ ಇದ್ದ ನೀರಿನ ಹಾಗೆ. ಇದನ್ನೇ ಹಿನ್ನೆಲೆ ಓಝೋನ್ ಅಂತಾರೆ. ಈ ಕೊಡದ ಮಾತು ಸ್ವಲ್ಪ ನೆನಪಿರಲಿ, ಮುಂದೆ ಬೇಕಾಗುತ್ತೆ.

ದಕ್ಷಿಣದಲ್ಲಿ ನೇರ ಇಳಿತ ಆಗೋದೇ ಇಲ್ಲ ಅಂತಲೂ ಅಲ್ಲ. 2012ರ ಅಕ್ಟೋಬರ್‌ನಲ್ಲಿ ನೀಲಂ, 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಚಂಡಮಾರುತ ಬಂದಾಗ ತಿರುವನಂತಪುರದಿಂದ ಬಲೂನುಗಳಲ್ಲಿ ಓಝೋನ್ ಅಳೆಯುವ ಉಪಕರಣ ಹಾರಿಸಿದರು. 10–16 ಕಿ.ಮೀ. ಎತ್ತರದಲ್ಲಿ ಓಝೋನ್ ಏರಿತ್ತು, ಆ ಏರಿಕೆ ದಿನಕ್ಕೆ ಸುಮಾರು ಒಂದು ಕಿಲೋಮೀಟರ್‌ನಂತೆ ಕೆಳಗಿಳಿದಿತ್ತು. ಚಂಡಮಾರುತದ ನಡುವೆ ಗಾಳಿ ರಭಸದಿಂದ ಮೇಲೇರಿದರೆ ಅಂಚುಗಳಲ್ಲಿ ಅದಕ್ಕೆ ಸಾಟಿಯಾಗಿ ಇಳಿಯಲೇಬೇಕು, ಇಳಿಯುವಾಗ ಮೇಲಿನದನ್ನ ಎಳೆದುಕೊಂಡು ಬರುತ್ತೆ. 2021ರ ಮೇ ನಡುವಲ್ಲಿ ತೌಕ್ತೆ ನಮ್ಮ ಕರಾವಳಿ, ಗೋವಾ ಪಕ್ಕದಲ್ಲೇ ಹಾದು ಹೋಯಿತಲ್ಲ, ಅದು ಹೋದ ಮೇಲೆ ಕಣಕುಂಬಿಯ ಘಟ್ಟದ ಮೇಲೆ ಓಝೋನ್ ಎಷ್ಟಿತ್ತು? ಅಳೆಯೋಕೆ ಅಲ್ಲಿ ಏನೂ ಇರಲಿಲ್ಲ.

ಏಪ್ರಿಲ್–ಮೇ ತಿಂಗಳ ಅಡ್ಡಮಳೆಯದ್ದು ಸಣ್ಣ ಮಟ್ಟದಲ್ಲಿ ಇದೇ ಕತೆ. ಗುಡುಗಿನ ಮೋಡದಿಂದ ಕೆಳಗೆ ನುಗ್ಗುವ ತಣ್ಣನೆ ಗಾಳಿ ಮೇಲಿನ ಕೆಲವು ಕಿಲೋಮೀಟರ್‌ಗಳ ಓಝೋನನ್ನ ಹೊತ್ತು ತರುತ್ತೆ. ಸಿಡಿಲು ಬಡಿದ ಮೇಲೆ ಬರುವ ಆ ಚುರುಕು ವಾಸನೆ ಗೊತ್ತಲ್ಲ, ಅದು ಓಝೋನ್‌ದೇ. 1839ರಲ್ಲಿ ಷೋನ್‌ಬೈನ್ ಇದನ್ನ ಗುರುತಿಸಿದ್ದೂ ವಾಸನೆಯಿಂದ, ಹೆಸರು ಬಂದದ್ದೂ ‘ವಾಸನೆ ಬೀರು’ ಅನ್ನೋ ಗ್ರೀಕ್ ಪದದಿಂದ.

ಇನ್ನು ಅಂಕಿ. ಇಡೀ ಭೂಮಿಗೆ ಲೆಕ್ಕ ಹಾಕಿದರೆ ಮೇಲಿಂದ ಕೆಳಗೆ ವರ್ಷಕ್ಕೆ ಇಳಿಯುವ ಓಝೋನ್ ಸುಮಾರು 50 ಕೋಟಿ ಟನ್. ಕೆಳಗಿನ ಅಂತಸ್ತಿನಲ್ಲೇ, ಬಿಸಿಲಿನಲ್ಲಿ ಹೊಗೆ–ಅನಿಲಗಳಿಂದ ಹುಟ್ಟೋದು ಸುಮಾರು 500 ಕೋಟಿ ಟನ್. ಹತ್ತು ಪಟ್ಟು. ಹುಟ್ಟಿದ್ದೆಲ್ಲ ಉಳಿಯೋದಿಲ್ಲ, ಬಹುಪಾಲು ಅಲ್ಲೇ ನಾಶವಾಗುತ್ತೆ, ಮಿಕ್ಕಿದ್ದು ಎಲೆಗಳಿಗೆ, ಮಣ್ಣಿಗೆ, ನಮ್ಮ ಶ್ವಾಸಕೋಶಕ್ಕೆ ತಾಗಿ ಮುಗಿಯುತ್ತೆ. ಅಂದ್ರೆ ಹುಡುಗ ಓದಿದ್ದು ಸುಳ್ಳಲ್ಲ, ಪೂರ್ತಿ ಕತೆಯಂತೂ ಅಲ್ಲ. ಬೆಳಗಾವಿಯಲ್ಲಿ ನಿಂತು ನೋಡಿದರೆ ಆಕಾಶದ ಪಾಲು ಇನ್ನೂ ತೆಳು, ಯಾಕಂದ್ರೆ ಇಳಿತದ ಮುಖ್ಯ ಜಾಗಗಳು ಉತ್ತರದಲ್ಲಿವೆ.

ಹಾಗಾದ್ರೆ ಉಳಿದದ್ದು ಎಲ್ಲಿಂದ? ಯಾವ ಸೈಲೆನ್ಸರ್‌ನಿಂದಲೂ, ಯಾವ ಚಿಮಣಿಯಿಂದಲೂ ಓಝೋನ್ ನೇರವಾಗಿ ಬರೋದಿಲ್ಲ. ಅದಕ್ಕೇ ಅದರ ಹೊಣೆ ಯಾರೂ ಹೊರೋದಿಲ್ಲ. ಡೀಸೆಲ್, ಪೆಟ್ರೋಲ್, ಕಲ್ಲಿದ್ದಲು, ಇಟ್ಟಿಗೆ ಭಟ್ಟಿ, ಹೊಲದಲ್ಲಿ ಸುಡುವ ಕಬ್ಬಿನ ರವದಿ, ಇವೆಲ್ಲ ನೈಟ್ರೋಜನ್ ಆಕ್ಸೈಡ್ ಕೊಡ್ತವೆ. ಪೇಂಟ್, ಪೆಟ್ರೋಲ್ ಆವಿ, ಅರೆಬೆಂದ ಹೊಗೆ ಇವು ಹೈಡ್ರೋಕಾರ್ಬನ್ ಕೊಡ್ತವೆ. ಎರಡೂ ಬಿಸಿಲಲ್ಲಿ ಕೆಲವು ಗಂಟೆ ಒಟ್ಟಿಗೆ ಇದ್ದರೆ ಓಝೋನ್ ತಯಾರು. ವಿಚಿತ್ರ ಅಂದ್ರೆ ಹೊಸದಾಗಿ ಹೊರಬಂದ ಹೊಗೆ ಓಝೋನನ್ನ ತಿನ್ನುತ್ತೆ. ಹಾಗಾಗಿ ವಾಹನ ಗಿಜಿಗುಡುವ ಚನ್ನಮ್ಮ ವೃತ್ತದಂಥ ಜಾಗದಲ್ಲಿ ಓಝೋನ್ ಕಡಿಮೆ ಇರುತ್ತೆ. ಹೊಗೆ ಊರು ದಾಟಿ, ಗಾಳಿಯ ಜೊತೆ ಪಯಣಿಸಿ, ಹಸಿರಿರುವ ಕಡೆ ತಲುಪಿದಾಗ ಓಝೋನ್ ಏರುತ್ತೆ. ಇದು ನನ್ನ ಕಲ್ಪನೆ ಅಲ್ಲ, ಲಾಸ್ ಏಂಜಲೀಸ್‌ನಿಂದ ದೆಹಲಿವರೆಗೆ ನಗರದ ಗಾಳಿಯಡಿ ಇರುವ ಹಳ್ಳಿಗಳೆಲ್ಲ ಕಂಡ ರಸಾಯನಶಾಸ್ತ್ರ.

ಈಗ ನಕ್ಷೆ ತೆಗೆದು ನೋಡಿ. ಖಾನಾಪುರ ಪಟ್ಟಣ ಬೆಳಗಾವಿಯ ದಕ್ಷಿಣಕ್ಕೆ, ಜಾಂಬೋಟಿ ನೈಋತ್ಯಕ್ಕೆ, ನೇರ ಗೆರೆಯಲ್ಲಿ ಎರಡೂ 20–25 ಕಿಲೋಮೀಟರ್. ಜಾಂಬೋಟಿಯಿಂದ ಮುಂದೆ ಕಣಕುಂಬಿ, ಮಲಪ್ರಭೆ ಹುಟ್ಟುವ ಊರು. ದಕ್ಷಿಣಕ್ಕೆ ಸರಿದರೆ 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮ. ನವೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪೂರ್ವ–ಈಶಾನ್ಯದಿಂದ ಬೀಸುತ್ತೆ. ಆಕಾಶ ಶುಭ್ರ, ಬಿಸಿಲು ಖಡಕ್. ಗಂಟೆಗೆ ಹತ್ತು ಕಿಲೋಮೀಟರ್ ಗಾಳಿ ಅಂದುಕೊಂಡರೂ ಬೆಳಗ್ಗೆ ಒಂಬತ್ತಕ್ಕೆ ನಗರದಲ್ಲಿ ಎದ್ದ ಹೊಗೆ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಜಾಂಬೋಟಿ ಕಾಡಿನಂಚಿಗೆ ಬಂದಿರುತ್ತೆ. ಅಡುಗೆಗೆ ಬೇಕಾದಷ್ಟು ಸಮಯ, ಬೇಕಾದಷ್ಟು ಬೆಂಕಿ. ಮಾರ್ಚ್ ನಂತರ ಗಾಳಿ ಪಶ್ಚಿಮಕ್ಕೆ ತಿರುಗುತ್ತೆ, ಆಗ ಬೆಳಗಾವಿಯ ಹೊಗೆ ಬೈಲಹೊಂಗಲದ ಕಡೆ ಹೋಗುತ್ತೆ. ಮಳೆಗಾಲದಲ್ಲಿ ಸಮುದ್ರದ ಗಾಳಿ ಬಂದು ಎಲ್ಲವನ್ನೂ ತೊಳೆಯುತ್ತೆ.

ಇಲ್ಲೊಂದು ಜಾರುವ ಜಾಗ ಇದೆ. ಮರಗಳು, ವಿಶೇಷವಾಗಿ ಬಿಸಿಲಲ್ಲಿ, ಐಸೋಪ್ರೀನ್ ಅನ್ನೋ ಆವಿ ಬಿಡ್ತವೆ. ಅದೂ ಹೈಡ್ರೋಕಾರ್ಬನ್ನೇ. ನಗರದ ನೈಟ್ರೋಜನ್ ಆಕ್ಸೈಡ್ ಬಂದು ಸೇರಿದರೆ ಅದರಿಂದಲೂ ಓಝೋನ್ ಆಗುತ್ತೆ. ರೊನಾಲ್ಡ್ ರೇಗನ್ ಅಮೆರಿಕದ ಅಧ್ಯಕ್ಷಗಿರಿಗೆ ನಿಂತಿದ್ದ ಕಾಲದಲ್ಲಿ ಮಾಲಿನ್ಯದ ತಪ್ಪನ್ನ ಮರಗಿಡಗಳ ಮೇಲೆ ಹೊರಿಸಿ ನಗೆಪಾಟಲಾಗಿದ್ದರು. ಆದರೆ ಕಾಡಿನ ಆವಿ ಒಂದೇ ಇದ್ದಾಗ ಓಝೋನ್ ಏರೋದಿಲ್ಲ, ಎಲೆಗಳು ಓಝೋನನ್ನ ಹೀರಿ ಕಡಿಮೆಯನ್ನೂ ಮಾಡ್ತವೆ. ಕೆಡಿಸೋದು ಹೊರಗಿಂದ ಬರುವ ಹೊಗೆ. ಖಾನಾಪುರದ ಕಾಡು ತಾನಾಗಿ ಮಾಡದ ತಪ್ಪಿಗೆ ಜಾಗ ಕೊಡ್ತಿದೆ. ಗೋವಾ ಹೆದ್ದಾರಿ ಅಗಲ ಮಾಡೋಕೆ ಸಾಲುಮರಗಳನ್ನ ಉರುಳಿಸಿದ್ದನ್ನ ಕಂಡವರಿಗೆ, ‘ಮರವೂ ಮಾಲಿನ್ಯ ಮಾಡುತ್ತೆ’ ಅನ್ನೋ ಅರೆಜ್ಞಾನ ನಾಳೆ ಯಾರ ಕೈಗೆ ಆಯುಧ ಆಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಇದರಿಂದ ಏನಾಗುತ್ತೆ ಅನ್ನೋದಕ್ಕೆ ಎರಡು ಉತ್ತರ. ಒಂದು, ಎದೆ. ಓಝೋನ್ ಶ್ವಾಸನಾಳವನ್ನ ಕೆರಳಿಸುತ್ತೆ, ಅಸ್ತಮಾ ಇರೋರಿಗೆ ಕಾಟ ಕೊಡುತ್ತೆ, ಮಧ್ಯಾಹ್ನದ ಬಿಸಿಲಲ್ಲಿ ಮೈಮುರಿದು ದುಡಿಯೋರಿಗೆ ಹೆಚ್ಚು ತಾಗುತ್ತೆ. ಮುಚ್ಚಿದ ಆಫೀಸಿನಲ್ಲಿ ಕೂತವರಿಗೆ ಕಡಿಮೆ. ಹೊಲ, ಇಟ್ಟಿಗೆ ಭಟ್ಟಿ, ರಸ್ತೆ ಕೆಲಸ, ಅರಣ್ಯ ಕಾವಲು ಮಾಡುವವರಿಗೆ ಹೆಚ್ಚು. ಮಾಸ್ಕ್ ಹಾಕಿದರೂ ತಡೆಯೋದಿಲ್ಲ, ಯಾಕಂದ್ರೆ ಅದು ಧೂಳಲ್ಲ, ಅನಿಲ.

ಎರಡನೆಯದು ಬೆಳೆ. ಪುಣೆಯ ಐಐಟಿಎಂ ವಿಜ್ಞಾನಿ ಸಚಿನ್ ಘುಡೆ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಂದಾಜು ನೋಡಿ: 2005ರ ಒಂದೇ ವರ್ಷದಲ್ಲಿ ದೇಶ ಓಝೋನ್‌ನಿಂದ ಕಳೆದುಕೊಂಡದ್ದು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಅಕ್ಕಿ. ಬಡತನ ರೇಖೆಗಿಂತ ಕೆಳಗಿರುವ 9 ಕೋಟಿ 40 ಲಕ್ಷ ಜನಕ್ಕೆ ಸಾಲುವಷ್ಟು ಧಾನ್ಯ. ಓಝೋನ್ ಎಲೆಯ ರಂಧ್ರಗಳಿಂದ ಒಳಗೆ ಹೋಗಿ ಅಂಗಾಂಶ ಸುಡುತ್ತೆ. ಎಲೆ ಮೇಲೆ ಸಣ್ಣ ಸಣ್ಣ ಚುಕ್ಕೆ ಬೀಳುತ್ತೆ, ಎಲೆ ಬೇಗ ಹಣ್ಣಾಗುತ್ತೆ, ಕಾಳು ಸಣ್ಣದಾಗುತ್ತೆ. ರೈತನಿಗೆ ಇದು ರೋಗ ಅನ್ನಿಸುತ್ತೆ, ಅಂಗಡಿಗೆ ಹೋಗಿ ಔಷಧ ತಂದು ಹೊಡೀತಾನೆ. ಗಾಳಿಯಿಂದ ಬಂದ ನಷ್ಟಕ್ಕೆ ಔಷಧದ ಸಾಲ ಬೇರೆ. ಬೆಳಗಾವಿ ಭಾಗದಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಮಸೂರ, ಕಡಲೆ ಹಾಕೋದು ಇದೇ ಚಳಿಗಾಲದಲ್ಲಿ, ಗಾಳಿ ನಗರದಿಂದ ಬೀಸುವ ತಿಂಗಳುಗಳಲ್ಲಿ. ಬೆಳೆ ವಿಮೆಯಲ್ಲಿ ಓಝೋನ್‌ಗೆ ಅಂತ ಒಂದು ಕಾಲಂ ಇಲ್ಲ.

ಅಳತೆಯ ವಿಷಯಕ್ಕೆ ಬಂದರೆ ಇನ್ನೂ ಬೇಸರ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಅಳತೆಯ ಪಟ್ಟಿಯಲ್ಲಿ ಬೆಳಗಾವಿ ಹೆಸರಲ್ಲಿ ಸಿಗೋದು ರಾಮತೀರ್ಥ ನಗರದ ಕೇಂದ್ರ. ಬೆಂಗಳೂರಿಗೆ ಹತ್ತಕ್ಕೂ ಹೆಚ್ಚು. ಖಾನಾಪುರ ಆ ಪಟ್ಟಿಯಲ್ಲಿಲ್ಲ. ಮೇಲೆ ಹೇಳಿದ ರಸಾಯನದ ಪ್ರಕಾರ ಓಝೋನ್ ಏರೋದು ಊರಾಚೆ, ಯಂತ್ರ ಇರೋದು ಊರೊಳಗೆ. ದೀಪದ ಬುಡದಲ್ಲಿ ಕತ್ತಲೆ ಹುಡುಕೋದು ಬಿಟ್ಟು ದೀಪವನ್ನೇ ನೋಡಿ ‘ಬೆಳಕಿದೆ’ ಅಂದ ಹಾಗೆ.

ಕಾನೂನು ಇಲ್ಲ ಅಂತಲ್ಲ. 2009ರ ನವೆಂಬರ್ 18ರ ಅಧಿಸೂಚನೆ ಪ್ರಕಾರ ಎಂಟು ಗಂಟೆಯ ಸರಾಸರಿ ಓಝೋನ್ ಘನ ಮೀಟರ್‌ಗೆ 100 ಮೈಕ್ರೋಗ್ರಾಂ ಮೀರಬಾರದು, ಒಂದು ಗಂಟೆಗೆ 180. ಆದರೆ 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಯೋಜನೆ, ಅಂದ್ರೆ ಎನ್‌ಕ್ಯಾಪ್, ಗುರಿ ಇಟ್ಟುಕೊಂಡದ್ದು ಧೂಳಿನ ಕಣಗಳಿಗೆ ಮಾತ್ರ. ಕರ್ನಾಟಕದಿಂದ ಅದರಲ್ಲಿರೋದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ಬೆಳಗಾವಿ ಇಲ್ಲ. ನೀರು ಸಿಂಪಡಿಸುವ ಗಾಡಿ ಓಡಿಸಿ, ರಸ್ತೆ ಗುಡಿಸಿ ಧೂಳಿನ ಅಂಕ ಇಳಿಸಬಹುದು, ಓಝೋನ್ ಅದಕ್ಕೆ ಬಗ್ಗೋದಿಲ್ಲ. 2024ರಲ್ಲಿ ದೆಹಲಿಯ ಸಿಎಸ್‌ಇ ಹತ್ತು ಮಹಾನಗರಗಳ ನೆಲಮಟ್ಟದ ಓಝೋನ್ ಬಗ್ಗೆ ವರದಿ ತಂದಾಗ ಬೆಂಗಳೂರಿನ ಹೆಸರೂ ಅದರಲ್ಲಿತ್ತು, ಒಂದೆರಡು ದಿನ ಸುದ್ದಿ ಆಯ್ತು. ಮಹಾನಗರ ಅಲ್ಲದ ಊರಿಗೆ ಅಷ್ಟೂ ಸಿಗೋದಿಲ್ಲ. ದಿನದ ಎಕ್ಯೂಐ ಅನ್ನೋ ಒಂದೇ ಅಂಕಿ ಕೂಡ ಆ ದಿನ ಯಾವ ಮಾಲಿನ್ಯ ಅತಿ ಹೆಚ್ಚೋ ಅದನ್ನಷ್ಟೇ ಹೇಳುತ್ತೆ. ಧೂಳು ಮುಂದಿದ್ದರೆ ಓಝೋನ್ ಹಿಂದೆ ಮರೆಯಾಗಿಬಿಡುತ್ತೆ.

ಈಗ ಆ ಕೊಡದ ಮಾತಿಗೆ ಬರ್ತೀನಿ. ಅಮೆರಿಕದಲ್ಲಿ ಒಂದು ನಿಯಮ ಇದೆ. ಯಾವುದೋ ದಿನ ಓಝೋನ್ ಮಿತಿ ಮೀರಿದ್ದು ಸ್ಟ್ರಾಟೋಸ್ಫಿಯರ್‌ನಿಂದ ಇಳಿದ ಗಾಳಿಯಿಂದ ಅಂತ ರಾಜ್ಯ ಸಾಬೀತು ಮಾಡಿದರೆ ಆ ದಿನವನ್ನ ಲೆಕ್ಕದಿಂದ ಬಿಡಬಹುದು. 2012ರ ಜೂನ್‌ನ ಇಂಥದೊಂದು ಘಟನೆಗೆ ವ್ಯೋಮಿಂಗ್ ರಾಜ್ಯ ಹೀಗೆ ಅರ್ಜಿ ಹಾಕಿತ್ತು. ನನಗೆ ಆ ನಿಯಮದ ಬಗ್ಗೆ ಅನುಮಾನಗಳಿವೆ, ಆದರೆ ಒಂದು ಗುಣ ಒಪ್ಪಲೇಬೇಕು: ಅಲ್ಲಿ ಆಕಾಶವನ್ನ ದೂರಬೇಕಾದರೂ ಸಾಕ್ಷಿ ತರಬೇಕು. ಉಪಗ್ರಹದ ಚಿತ್ರ, ಬಲೂನಿನ ಅಳತೆ, ತೇವಾಂಶದ ದಾಖಲೆ, ಎಲ್ಲ. ಅಳತೆಯೇ ಇಲ್ಲದ ಕಡೆ ಸಾಕ್ಷಿಯ ತಂಟೆ ಯಾರಿಗೂ ಇಲ್ಲ. ‘ನೈಸರ್ಗಿಕ’ ಅಂದರೆ ಮುಗೀತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. 1987ರ ಮಾಂಟ್ರಿಯಲ್ ಒಪ್ಪಂದದಿಂದ ಓಝೋನ್ ಪದರ ಗುಣವಾಗ್ತಿದೆ, ಧ್ರುವಗಳನ್ನ ಬಿಟ್ಟರೆ 2040ರ ಹೊತ್ತಿಗೆ 1980ರ ಮಟ್ಟಕ್ಕೆ ಮರಳುತ್ತೆ ಅಂತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ 2023ರ ಜನವರಿಯಲ್ಲಿ ಹೇಳಿತು. ಸಂತೋಷದ ಸುದ್ದಿ. ಜೊತೆಗೆ ಭೂಮಿ ಬಿಸಿಯಾದಂತೆ ಆ ಬ್ರೂವರ್–ಡಾಬ್ಸನ್ ಚಕ್ರ ಇನ್ನಷ್ಟು ಬಿರುಸಾಗುತ್ತೆ ಅಂತ ಹವಾಮಾನ ಮಾದರಿಗಳು ತೋರಿಸ್ತವೆ. ಎರಡೂ ಸೇರಿದರೆ ಈ ಶತಮಾನದಲ್ಲಿ ಮೇಲಿಂದ ಇಳಿಯುವ ಓಝೋನ್ ಹೆಚ್ಚಬಹುದು. ಇದನ್ನ ಕೇಳಿ ‘ನೋಡಿ, ನಮ್ಮ ಕೈಲಿಲ್ಲ’ ಅನ್ನೋರು ಇರ್ತಾರೆ. ಲೆಕ್ಕ ಹೇಳೋದು ತದ್ವಿರುದ್ಧ. ಕೊಡದಲ್ಲಿ 100 ಮೈಕ್ರೋಗ್ರಾಂ ಹಿಡಿಯುತ್ತೆ. ತಳದಲ್ಲಿ ಆಕಾಶದ ನೀರು ಹೆಚ್ಚಾದಷ್ಟೂ ಮೇಲೆ ನಾವು ಸುರಿಯೋಕೆ ಉಳಿಯುವ ಜಾಗ ಕಡಿಮೆ. ಎದೆಗೆ, ಎಲೆಗೆ ಯಾವುದು ಮೇಲಿಂದ ಬಂದದ್ದು, ಯಾವುದು ಟ್ರಕ್ಕಿನಿಂದ ಬಂದದ್ದು ಅನ್ನೋ ಭೇದ ಇಲ್ಲ, ಅವಕ್ಕೆ ಒಟ್ಟು ಮೊತ್ತ ಮಾತ್ರ ತಾಗುತ್ತೆ. ಇಳಿಸೋಕೆ ಸಾಧ್ಯ ಇರೋದು ಟ್ರಕ್ಕಿನ ಪಾಲನ್ನ, ಭಟ್ಟಿಯ ಪಾಲನ್ನ, ರವದಿಯ ಪಾಲನ್ನ.

ಅಳೆಯೋದು ದೊಡ್ಡ ರಾಕೆಟ್ ವಿಜ್ಞಾನ ಏನಲ್ಲ. ಹವಾಮಾನ ಇಲಾಖೆ ದಶಕಗಳಿಂದ ಪುಣೆ, ತಿರುವನಂತಪುರ, ದೆಹಲಿಯಿಂದ ಓಝೋನ್ ಬಲೂನು ಹಾರಿಸುತ್ತೆ, ಪುಣೆ ನಮಗೆ ದೂರದ ಊರಲ್ಲ. ನಮ್ಮದೇ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿಗೊಂದು ಮಳೆಮಾಪಕ ಇಟ್ಟು ಅಂಕಿಯನ್ನ ತಂತಾನೇ ತರಿಸಿಕೊಳ್ಳುತ್ತೆ. ಮಳೆಗೆ ಆದದ್ದು ಗಾಳಿಗೆ ಯಾಕೆ ಆಗೋದಿಲ್ಲ? ಪಂಚಾಯ್ತಿಗೊಂದು ಬೇಡ, ಖಾನಾಪುರ ಪಟ್ಟಣಕ್ಕೊಂದು, ಜಾಂಬೋಟಿ ಅಥವಾ ಕಣಕುಂಬಿಗೊಂದು ಓಝೋನ್ ಮಾಪಕ, ಪಕ್ಕದಲ್ಲಿ ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಆಕ್ಸೈಡ್, ತೇವಾಂಶ ಅಳೆಯುವ ಉಪಕರಣ. ಸಾಕು. ವಿಟಿಯು ಕೇಂದ್ರ ಕಚೇರಿ ಇರೋದೇ ಖಾನಾಪುರ ರಸ್ತೆಯ ಮಚ್ಛೆಯಲ್ಲಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಏನು ಬೇಕು?

ಆ ನಾಲ್ಕು ಅಂಕಿಗಳು ಒಟ್ಟಿಗಿದ್ದರೆ ಆಕಾಶ ಯಾವುದು, ನಗರ ಯಾವುದು ಅನ್ನೋದು ಬಹುಮಟ್ಟಿಗೆ ಬೇರೆಯಾಗುತ್ತೆ. ಗಾಳಿ ದಿಢೀರನೆ ಒಣಗಿ, ಕಾರ್ಬನ್ ಮಾನಾಕ್ಸೈಡ್ ಇಳಿದು, ನಡುರಾತ್ರಿಯಲ್ಲೂ ಘಟ್ಟದ ಮೇಲೆ ಓಝೋನ್ ಏರಿದರೆ ಮೇಲಿಂದ ಬಂದದ್ದು ಅನ್ನೋಕೆ ಕಾರಣ ಇದೆ. ಪೂರ್ವದ ಗಾಳಿ ಇರುವ ದಿನ, ಮಧ್ಯಾಹ್ನ ಎರಡರ ಹೊತ್ತಿಗೆ, ಕಾರ್ಬನ್ ಮಾನಾಕ್ಸೈಡ್ ಜೊತೆಜೊತೆಗೇ ಏರಿದರೆ ಅದರ ವಿಳಾಸ ಬೆಳಗಾವಿ.

ಡಿಸೆಂಬರ್‌ನಲ್ಲಿ ಸರ್ಕಾರ ಪೂರ್ತಿಯಾಗಿ ಸುವರ್ಣ ವಿಧಾನಸೌಧಕ್ಕೆ ಬಂದು ಕೂರುತ್ತೆ. ಗಾಳಿ ಪೂರ್ವದಿಂದ ಬೀಸುವ ತಿಂಗಳು ಅದು. ಸೌಧ ಇರೋದು ನಗರದ ಪೂರ್ವಕ್ಕೆ, ಹಲಗಾ ಹತ್ತಿರದ ಹೆದ್ದಾರಿ ಬದಿಗೆ, ಅಂದ್ರೆ ಸಚಿವರ ಕಾರುಗಳ ಹೊಗೆಯೂ ಮಧ್ಯಾಹ್ನದ ಹೊತ್ತಿಗೆ ಖಾನಾಪುರ ತಾಲೂಕಿನ ದಾರಿ ಹಿಡಿದಿರುತ್ತೆ. ಮಹದಾಯಿ, ಗಡಿ, ಕಬ್ಬಿನ ದರದ ಮಾತು ಅಲ್ಲಿ ಪ್ರತಿ ಸಲ ಬರುತ್ತೆ, ಬರಲೇಬೇಕು. ಅದರ ಜೊತೆ ಚುಕ್ಕೆ ಗುರುತಿನ ಪ್ರಶ್ನೆ ಒಂದನ್ನ ಈ ಭಾಗದ ಶಾಸಕರಿಂದ ಕೇಳಿಸಿ. ರಾಮತೀರ್ಥ ನಗರದ ಕೇಂದ್ರದಲ್ಲಿ ಕಳೆದ ಮೂರು ಚಳಿಗಾಲಗಳಲ್ಲಿ ಎಂಟು ಗಂಟೆಯ ಓಝೋನ್ ಸರಾಸರಿ ಎಷ್ಟು ದಿನ 100 ಮೀರಿದೆ, ಎಷ್ಟು ದಿನ ಯಂತ್ರ ಬಂದ್ ಇತ್ತು, ಖಾನಾಪುರ ತಾಲೂಕಿನಲ್ಲಿ ಮಾಪಕ ಇಡೋದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಎಷ್ಟು ಹಣ, ಎಷ್ಟು ತಿಂಗಳು ಬೇಕು? ಶಾಸಕರು ಕೇಳದಿದ್ದರೆ ಇದೇ ಮೂರು ಸಾಲನ್ನ ಆರ್‌ಟಿಐ ಅರ್ಜಿಯಲ್ಲಿ ಬರೆದು ಮಂಡಳಿಯ ಬೆಳಗಾವಿ ಕಚೇರಿಗೆ ಕೊಡಬಹುದು, ಶುಲ್ಕ ಹತ್ತು ರೂಪಾಯಿ.